ನಾನು ತಪ್ಪಾಗಿ ಹೇಳಿದ ಹೊತ್ತು

ಎರಡು ವರ್ಷಕ್ಕೂ ಮೇಲೆ, ದಿನಾ ಬೆಳಿಗ್ಗೆ ಆರು ಗಂಟೆಗೆ, ಇಪ್ಪತ್ತು ಮಂದಿ ಕೂಲಿ ಹೆಂಗಸರು ನಾನು ಹೇಳಿದ ಒಂದು ಮಾತನ್ನು ನಂಬಿ ಮೊಣಕಾಲೂರಿದರು. ನಾನು ಹೇಳಿದ್ದು ತಪ್ಪಾಗಿತ್ತು. ಅದು ತಪ್ಪೆಂದು ನನಗೆ ಗೊತ್ತಾದ ಮೇಲೂ ಮೂರು ಭಾನುವಾರ ಸುಮ್ಮನಿದ್ದೆ. ಆಮೇಲೆ ನಡೆದುದರಲ್ಲಿ ಇವತ್ತಿಗೂ ನನಗೆ ಪೂರ್ತಿ ಅರ್ಥವಾಗದ ಭಾಗವಿದೆ. ಆದ್ದರಿಂದ ಅರ್ಥವಾದಷ್ಟನ್ನಾದರೂ ಕೂಡಿಸದೆ ಕಳೆಯದೆ ಬರೆಯಬೇಕು.

ಅರವತ್ತರ ದಶಕ, ತಮಿಳು ಸೀಮೆ. ಕಾಮಯಗೌಂಡನ್‌ಪಟ್ಟಿಯ ಹೊರಗೆ ನಮ್ಮದು ದ್ರಾಕ್ಷಿ ತೋಟ. ಅದನ್ನು ನೋಡಿಕೊಳ್ಳುತ್ತಿದ್ದವನು ನನ್ನ ಅಣ್ಣ. ನಾನು ಉತ್ತಮಪಾಳಯಂನಲ್ಲಿ ಒಂದು ಹೈಸ್ಕೂಲಿನ ಭೂಗೋಳದ ಮೇಷ್ಟ್ರು, ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯೊಳಗೆ ನಮ್ಮದು ತಲೆಮಾರುಗಳಿಂದ ಬಂದ ಕನ್ನಡ. ಹೊಸಿಲು ದಾಟಿದರೆ ತಮಿಳು. ಕೂಲಿಯವರೆಲ್ಲ ಮಾತಾಡಿದ್ದು ತಮಿಳಿನಲ್ಲಿ. ಅದನ್ನು ನಾನು ದೊಡ್ಡವನಾದ ಮೇಲೆ ಪುಸ್ತಕದಿಂದ ಕಲಿತ ಕನ್ನಡದಲ್ಲಿ ಇಡುತ್ತಿದ್ದೇನೆ.

ಕಾಲುವೆಯ ಆಚೆ ಕೂಲಿಯವರ ಬೀದಿ. ಬೀದಿಯ ಕೊನೆಯಲ್ಲಿ ಅವರ ಚರ್ಚು: ಸುಣ್ಣ ಹೊಡೆದ ಮಣ್ಣಿನ ಗೋಡೆ, ನಾಡಹೆಂಚು, ಬೇವಿನ ಮರಕ್ಕೆ ತೂಗುಹಾಕಿದ ಒಂದು ರೈಲು ಕಂಬಿಯ ತುಂಡು. ಅದೇ ಗಂಟೆ. ಪಾದ್ರಿ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಎಲ್ಲವನ್ನೂ ನಡೆಸುತ್ತಿದ್ದವರು ಉಪದೇಶಿ. ಅಲ್ಲಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವರೂ ಅವರೇ. ನಮ್ಮ ತೋಟದಲ್ಲೂ ಅಕ್ಕಪಕ್ಕದ ತೋಟಗಳಲ್ಲೂ ಬಳ್ಳಿ ಕಟ್ಟುವ, ಕವಲು ಕತ್ತರಿಸುವ ಹೆಂಗಸರೇ ಆ ಸಭೆ.

ಆ ಬೀದಿಯಿಂದ ಒಬ್ಬ ಹುಡುಗಿ ಮಿಷನ್ ಬೋರ್ಡಿಂಗಿಗೆ ಹೋಗಿ ಓದಿ ನರ್ಸಾಗಿದ್ದಳು. ದಿಂಡುಗಲ್ ಕಡೆಯ ಒಬ್ಬ ಕಾಂಪೌಂಡರನ್ನು ಮದುವೆಯಾದಳು. ನಮ್ಮ ಸೀಮೆಯ ಚರ್ಚುಗಳೆಲ್ಲ ಸೇರಿ ಆ ಗಂಡ ಹೆಂಡತಿಯನ್ನು ಆಫ್ರಿಕಾಕ್ಕೆ, ಪೂರ್ವ ಕರಾವಳಿಯಿಂದ ಒಳಗೆ ಎರಡು ದಿನದ ದಾರಿಯ ಒಂದು ಹಳ್ಳಿಗೆ, ಆಸ್ಪತ್ರೆ ನಡೆಸಲು ಕಳಿಸಿದವು. ಬಿಳಿಯರು ಕಡಲು ದಾಟಿ ಇಲ್ಲಿಗೆ ಬಂದದ್ದನ್ನು ನಾವು ಕಂಡಿದ್ದೆವು. ನಮ್ಮ ತೋಟದಲ್ಲಿ ತಾಯಿಯ ಹಿಂದೆ ಬುಟ್ಟಿ ಹೊತ್ತು ಓಡಾಡಿದ ಹುಡುಗಿ ಕಡಲು ದಾಟಿ ಹೋಗುತ್ತಾಳೆಂಬುದು ನಮ್ಮ ಮನೆಯಲ್ಲಿ ಯಾರ ತಲೆಗೂ ಹತ್ತಲಿಲ್ಲ. ಅಣ್ಣ ಅದನ್ನು ಹೊಸ ಬಸ್ಸು ಬಿಟ್ಟ ಸುದ್ದಿಯ ಹಾಗೆ ಕೇಳಿ ಮರೆತ.

ಊರೂರ ಚರ್ಚುಗಳು ಅವಳಿಗೆ ಹಣ ಕಳಿಸುತ್ತಿದ್ದವು. ಈ ಬೀದಿಯವರಿಗೆ ಅದು ಆಗದು. ಅವರು ಹಳೆಯ ಮೆತ್ತನೆ ಸೀರೆಗಳನ್ನು ಹರಿದು, ಅಂಚು ಹೊಲಿದು, ಹುಟ್ಟಿದ ಕೂಸುಗಳನ್ನು ಸುತ್ತುವ ಬಟ್ಟೆ ಮಾಡಿ ವರ್ಷಕ್ಕೊಂದು ಪಾರ್ಸೆಲ್ ಕಳಿಸುತ್ತಿದ್ದರು. ಇಂಗ್ಲಿಷಿನಲ್ಲಿ ವಿಳಾಸ ಬರೆಯಲು ಉಪದೇಶಿ ಪಾರ್ಸೆಲನ್ನು ನನ್ನ ಹತ್ತಿರ ತರುತ್ತಿದ್ದರು. ಹಾಗೆ ನನಗೆ ಅವರ ಪರಿಚಯ; ಆ ಬೀದಿಯವರ ಬಾಯಲ್ಲಿ ಮೇಷ್ಟ್ರಾದ ನಾನು ವಾತ್ಯಾರು.

ಅವಳ ಮೊದಲ ಕಾಗದ ಬಂದಾಗ ಉಪದೇಶಿ ಅದನ್ನೂ ತಂದರು. ಅದರಲ್ಲಿ ಅವಳು ಒಂದು ಬೇಡಿಕೆ ಇಟ್ಟಿದ್ದಳು. ಆಸ್ಪತ್ರೆಯ ಬಾಗಿಲನ್ನು ಅವಳು ತೆಗೆಯುವುದು ದಿನಾ ಎಂಟೂವರೆಗೆ. ಅಷ್ಟರಲ್ಲಿ ಅಂಗಳದಲ್ಲಿ ಜನ ತುಂಬಿರುತ್ತಾರೆ. ಚಿಲಕದ ಮೇಲೆ ಕೈಯಿಟ್ಟಾಗ ಆ ಜನರ ಸದ್ದು ಕೇಳಿ ಅವಳಿಗೆ ಹೆದರಿಕೆಯಾಗುತ್ತದೆ, ಒಂದು ಗಳಿಗೆ ನಿಂತುಬಿಡುತ್ತಾಳೆ. ಅದೇ ಗಳಿಗೆಯಲ್ಲಿ ನೀವೆಲ್ಲ ನನಗಾಗಿ ಪ್ರಾರ್ಥನೆಯಲ್ಲಿದ್ದೀರಿ ಎಂದು ಗೊತ್ತಿದ್ದರೆ ಚಿಲಕ ತೆಗೆಯುವುದು ಸುಲಭ, ಎಂದು ಬರೆದಿದ್ದಳು.

ಅಲ್ಲಿ ಎಂಟೂವರೆ ಆದಾಗ ಇಲ್ಲಿ ಎಷ್ಟು ಗಂಟೆ? ಉಪದೇಶಿಗೆ ಗೊತ್ತಿರಲಿಲ್ಲ. ಸಭೆಗೆ ಬಂದು ಹೇಳಬೇಕೆಂದು ಕೇಳಿದರು.

ನಾನು ಶಾಲೆಯ ಭೂಗೋಳವನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದೆ. ಬೇವಿನ ಮರದ ಕೆಳಗೆ ನನಗೊಂದು ಕುರ್ಚಿ ಹಾಕಿದ್ದರು. ಅವರೆಲ್ಲ ನೆಲದ ಮೇಲೆ. ಅದರಲ್ಲಿ ಗಮನಿಸುವಂಥದ್ದೇನಾದರೂ ಇದೆಯೆಂದು ಆಗ ನನಗೆ ಅನ್ನಿಸಲಿಲ್ಲ. ಭೂಗೋಳ ತಿರುಗಿಸಿ ತೋರಿಸಿದೆ. ಸೂರ್ಯ ಮೊದಲು ನಮಗೆ, ಆಮೇಲೆ ಅವರಿಗೆ. ಅವರ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿಯವರೆಗೆ ಸರಿ. ಕೂಲಿ ಹೆಂಗಸರ ಗುಂಪಿನ ಹಿರಿಯಳೊಬ್ಬಳಿದ್ದಳು. ಬೀದಿಯ ಸೂಲಗಿತ್ತಿಯೂ ಅವಳೇ. ನರ್ಸಾದ ಆ ಹುಡುಗಿಯನ್ನು ಮೊದಲು ಕೈಗೆ ತೆಗೆದುಕೊಂಡವಳು. ಅವಳು ಕೇಳಿದಳು, "ಅದೆಲ್ಲ ಇರಲಿ ವಾತ್ಯಾರೇ, ಗಂಟೆ ಎಷ್ಟು ಅಂತ ಹೇಳಿ." ಎಲ್ಲರೂ ನಕ್ಕರು. ನನಗೆ ಸ್ವಲ್ಪ ಅವಮಾನವಾಯಿತು. ಹಿಂದೆ ಎಂದರೆ ಕಳೆಯುವುದು ಎಂದು ಎಂಟೂವರೆಯಿಂದ ಎರಡೂವರೆ ಕಳೆದು, "ಆರು" ಎಂದೆ.

ಕೂಡಬೇಕಿತ್ತು. ಅಲ್ಲಿ ಎಂಟೂವರೆಯಾದಾಗ ಇಲ್ಲಿ ಹನ್ನೊಂದು. ಹದಿನಾಲ್ಕು ವರ್ಷದ ಮಕ್ಕಳು ಇಂಥ ಲೆಕ್ಕವನ್ನು ತಪ್ಪು ಮಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು.

ಆರು ಗಂಟೆ ಎಂದದ್ದರಿಂದ ಒಂದು ತೊಡಕಾಯಿತು. ತೋಟಗಳಲ್ಲಿ ಕೆಲಸ ಶುರುವಾಗುವುದು ಸರಿಯಾಗಿ ಆರಕ್ಕೆ. ಹೆಂಗಸರು ನನ್ನನ್ನೇ ಮುಂದಿಟ್ಟುಕೊಂಡು ಅಣ್ಣನ ಹತ್ತಿರ ಬಂದರು. ಬೆಳಿಗ್ಗೆ ಅರ್ಧ ಗಂಟೆ ತಡವಾಗಿ ಬರುತ್ತೇವೆ, ಸಂಜೆ ಅರ್ಧ ಗಂಟೆ ಹೆಚ್ಚು ಮಾಡಿ ತೀರಿಸುತ್ತೇವೆ ಎಂದರು. ಅಣ್ಣ ನನ್ನ ಕಡೆ ತಿರುಗಿ ಮನೆಮಾತಿನಲ್ಲಿ ಕೇಳಿದ.

"ಏನ್ಡಾ ತಮ್ಮಾ, ಆಫ್ರಿಕಾದಾಗೆ ಯಾರೋ ಸೂಜಿ ಚುಚ್ಚಾಕೆ ಇಲ್ಲಿ ನನ್ ಬಳ್ಳಿ ಕಾಯ್ಬೇಕಾ?"

ನಾನು ಜಾಮೀನು ನಿಂತೆ. ಆ ಗಂಟೆ ಶಾಸ್ತ್ರದ ಪ್ರಕಾರ ಖಚಿತವಾದದ್ದು, ಅದನ್ನು ಹಿಂದೆ ಮುಂದೆ ಮಾಡಲಾಗದು ಎಂದೆ. ಹೀಗೆಯೇ ಹೇಳಿದೆ. ಅಣ್ಣ ಒಪ್ಪಿದ. ಅವನು ಒಪ್ಪಿದ್ದರಿಂದ ಅಕ್ಕಪಕ್ಕದ ತೋಟದವರೂ ಗೊಣಗುತ್ತ ಒಪ್ಪಿದರು.

ಮೊದಲ ದಿನ ನೋಡಲು ಹೋದೆ. ಕಂಬಿಗೆ ಮೂರು ಪೆಟ್ಟು ಬಿತ್ತು. ಪಶ್ಚಿಮದ ಬೆಟ್ಟಗಳ ನೆತ್ತಿಗೆ ಮಾತ್ರ ಬೆಳಕು ಮುಟ್ಟಿತ್ತು. ಹೆಂಗಸರು ಕತ್ತಿ, ಗಂಜಿ ಮಡಕೆಗಳನ್ನು ಹೊರಗೆ ಸಾಲಾಗಿ ಇಟ್ಟು ಒಳಗೆ ಹೋದರು. ಹಾಡಲಿಲ್ಲ. ಉಪದೇಶಿ ಅವಳ ಹೆಸರು ಹೇಳಿದರು, ಊರಿನ ಹೆಸರು ಹೇಳಿದರು, "ಈಗ ಚಿಲಕದ ಮೇಲೆ ಕೈಯಿಟ್ಟಿದ್ದಾಳೆ" ಎಂದರು. ಅಷ್ಟೇ. ಆಮೇಲೆ ಮಾತಿಲ್ಲ. ನಾನು ದೇವಸ್ಥಾನಗಳ ಗದ್ದಲದಲ್ಲಿ ಬೆಳೆದವನು. ಅಷ್ಟು ಜನ ಒಟ್ಟಿಗೆ ಕೂತು ಅಷ್ಟು ಗಾಢವಾಗಿ ಸುಮ್ಮನಿದ್ದುದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ನನ್ನ ಬೆನ್ನಿನ ಚರ್ಮ ಬಿಗಿಯಿತು. ಬಾಗಿಲಲ್ಲಿ ನಿಂತಿದ್ದವನು ಅರಿವಿಲ್ಲದೆ ಚಪ್ಪಲಿ ಕಳಚಿದ್ದೆ. ಮುಳ್ಳು ತುಳಿದ ಮೇಲೆಯೇ ಅದು ತಿಳಿದದ್ದು.

ದಿನಗಳು ಹೋದವು. ಒಂದು ದಿನವೂ ಕಂಬಿಯ ಸದ್ದು ತಪ್ಪಲಿಲ್ಲ. ಮಳೆಯಲ್ಲಿ ಕಾಲುವೆ ಉಕ್ಕಿದ ದಿನವೂ, ಬೀದಿಯಲ್ಲಿ ಸಾವಾದ ದಿನವೂ ಬಡಿಯಿತು. ನಮ್ಮ ಮನೆಯಲ್ಲಿ ಅತ್ತಿಗೆ ಅದನ್ನು ಕೇಳಿ ಹಾಲು ಒಲೆಯ ಮೇಲಿಡುತ್ತಿದ್ದಳು. ಸಂಜೆಯ ಅರ್ಧ ಗಂಟೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅದನ್ನು ಕೊಡುತ್ತಿದ್ದವರನ್ನು ಬಿಟ್ಟು. ಚಳಿಗಾಲದಲ್ಲಿ ಅವರು ಕಾಲುವೆಯ ಏರಿಯ ಮೇಲೆ ಮನೆ ಕಡೆ ಹೊರಡುವಾಗ ಕತ್ತಲಾಗಿರುತ್ತಿತ್ತು. ಹಾಗೆ ಹೋಗುವಾಗ ಒಬ್ಬಳು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅದು ಓರೆಯಾಗಿಯೇ ಕೂಡಿಕೊಂಡಿತು.

ಮೂರನೆಯ ವರ್ಷ ಒಂದು ಕಾಗದ ಬಂತು. ಅಷ್ಟರಲ್ಲಿ ಅವಳ ಕಾಗದ ಓದುವ ಭಾನುವಾರಗಳಲ್ಲಿ ಬೇವಿನ ಕೆಳಗಿನ ಕುರ್ಚಿಯಲ್ಲಿ ನಾನಿರುವುದು ರೂಢಿಯಾಗಿತ್ತು. ಉಪದೇಶಿ ಓದುತ್ತಿದ್ದರು. ಒಂದು ಕೂಸು ಕಾಲು ಮುಂದಾಗಿ ಹುಟ್ಟಿದ್ದು, ಔಷಧಿ ತರುವ ಲಾರಿ ಹೂತುಹೋದದ್ದು. ಆಮೇಲೆ ಈ ಸಾಲು: ಬಾಗಿಲು ತೆಗೆಯುವಾಗ ನಿಮ್ಮನ್ನು ನೆನೆಯುತ್ತೇನೆ, ಆಗ ಅಲ್ಲಿ ಹನ್ನೊಂದರ ಬಿಸಿಲು, ನೀವೆಲ್ಲ ಬದುವಿನ ಮೇಲೆ ಕೂತು ಗಂಜಿ ಮಡಕೆ ಬಿಚ್ಚುತ್ತಿರುತ್ತೀರಿ, ಅದನ್ನು ಬಿಟ್ಟು ನನಗಾಗಿ ತಲೆಬಾಗಿಸುತ್ತೀರಲ್ಲ.

ಉಪದೇಶಿ ನಿಲ್ಲಿಸದೆ ಮುಂದಕ್ಕೆ ಓದಿದರು. ಗಂಜಿಯ ಮಾತಿಗೆ ಒಂದಿಬ್ಬರು ನಕ್ಕರು. ನಾನು ಕುರ್ಚಿಯಲ್ಲಿ ಕೂತೇ ಎಂಟೂವರೆಗೆ ಎರಡೂವರೆ ಕೂಡಿದೆ. ಇನ್ನೊಮ್ಮೆ ಕೂಡಿದೆ. ಇಲ್ಲಿ ಪ್ರಾರ್ಥನೆಗೆ ಕೂರುವ ಗಂಟೆ ಯಾವುದೆಂದು ಯಾರೂ ಅವಳಿಗೆ ಬರೆದಿರಲಿಲ್ಲ. ನೀನು ಹೇಳಿದ ಗಳಿಗೆಗೇ ಸರಿಯಾಗಿ ಮಾಡುತ್ತಿದ್ದೇವೆ ಎಂದಷ್ಟೇ ಬರೆದಿದ್ದರು.

ಮರುದಿನ ಶಾಲೆಯಲ್ಲಿ ಬಾಗಿಲು ಹಾಕಿಕೊಂಡು ಭೂಗೋಳವನ್ನು ತಿರುಗಿಸಿ ನೋಡಿದೆ. ಇಲ್ಲಿ ಆರು ಗಂಟೆಯೆಂದರೆ ಅಲ್ಲಿ ಬೆಳಗಿನ ಜಾವ ಮೂರೂವರೆ. ಅವಳು ನಿದ್ದೆಯಲ್ಲಿರುವ ಹೊತ್ತು. ಚಿಲಕದ ಮೇಲೆ ಕೈಯಿಡುವ ಹೊತ್ತಿಗೆ ಇವರೆಲ್ಲ ಗಂಜಿ ಕುಡಿಯುತ್ತ, ಗಂಡಂದಿರನ್ನು ಆಡಿಕೊಂಡು ನಗುತ್ತಿದ್ದರು. ಎರಡು ವರ್ಷ ಅವಳು ಆ ಬಾಗಿಲನ್ನು ಒಂಟಿಯಾಗಿ ತೆಗೆದಿದ್ದಳು, ಒಂಟಿಯಲ್ಲ ಎಂದುಕೊಂಡು.

ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನನ್ನ ಮಾನ ಹೋಗುವುದು ಮೊದಲನೆಯದು. ಅದು ಮೊದಲನೆಯದಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಎರಡನೆಯದು, ತೋಟದವರು ಆ ಅರ್ಧ ಗಂಟೆಯನ್ನು ಕಿತ್ತುಕೊಂಡು, ಚರ್ಚಿನವರು ಎರಡು ವರ್ಷ ಗಾಳಿಗೆ ಮೊಣಕಾಲೂರಿದರು ಎಂದು ಕೆರೆ ಕಟ್ಟೆಯ ಮೇಲೆ ಆಡಿಕೊಳ್ಳುತ್ತಾರೆ. ಮೂರನೆಯದಕ್ಕೆ ನಾನು ಎಲ್ಲಕ್ಕಿಂತ ಹೆದರಿದ್ದೆ: ಇದು ಗೊತ್ತಾದ ಮೇಲೆ ಆ ಹೆಂಗಸರು ಹಾಗೆ ಸುಮ್ಮನೆ ಕೂರಬಲ್ಲರೇ? ಓರೆಯಾಗಿ ಕೂಡಿದ ಆ ಮಣಿಕಟ್ಟಿಗೆ ನಾನು ಏನು ಹೇಳಲಿ? ಬೆಳಿಗ್ಗೆ ಕಂಬಿಯ ಸದ್ದು ಕೇಳಿದಾಗಲೆಲ್ಲ ಹಾಸಿಗೆಯಲ್ಲೇ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.

ನಾಲ್ಕನೆಯ ಭಾನುವಾರ ಹೋದೆ. ಆರಾಧನೆ ಮುಗಿದಿತ್ತು. ಕುರ್ಚಿ ಹಾಕಿದರು; ಕೂರಲಿಲ್ಲ. ಯಾವ ಪೀಠಿಕೆಯೂ ಇಲ್ಲದೆ ಹೇಳಿದೆ: ಕಳೆಯಬಾರದಿತ್ತು, ಕೂಡಬೇಕಿತ್ತು; ಆ ಹೊತ್ತು ಹನ್ನೊಂದು, ಆರಲ್ಲ; ತಪ್ಪು ನನ್ನದು; ನೀವು ಪ್ರಾರ್ಥಿಸುವಾಗ ಆಕೆ ಮಲಗಿರುತ್ತಾಳೆ.

ಉಪದೇಶಿಯ ಮುಖ ಬಿಳಚಿತು. ಹಿರಿಯಳು ಸೊಂಟದ ಚೀಲ ಬಿಚ್ಚಿ ಎಲೆ ತೆಗೆದು ತೊಡೆಗೆ ಒರೆಸಿದಳು. ಸುಣ್ಣ ಹಚ್ಚಿದಳು. ಮಡಿಸಿದಳು. ಆಮೇಲೆ ಹೇಳಿದಳು.

"ಆ ಕಾಗದ ಓದಿದ ದಿನ ನಿಮ್ಮ ಮುಖ ನೋಡಿದೆ ವಾತ್ಯಾರೇ. ಆವತ್ತೇ ತಿಳಿಯಿತು."

ಅವಳಿಗಷ್ಟೇ ಅಲ್ಲ, ಅಲ್ಲಿದ್ದ ಹೆಂಗಸರಿಗೆಲ್ಲ ತಿಳಿದಿತ್ತು. ಆ ಸಂಜೆಯೇ ತಮ್ಮಲ್ಲಿ ಮಾತಾಡಿಕೊಂಡಿದ್ದರು. ಉಪದೇಶಿಗೆ ಹೇಳಿರಲಿಲ್ಲ, ಅವರು ಬಂದು ನನ್ನನ್ನು ಕೇಳಿಬಿಟ್ಟರೆ ನಾನಾಗಿ ಹೇಳುವುದಕ್ಕೆ ಉಳಿಯುವುದೇನು ಎಂದು. ನಾನಾಗಿ ಬರುತ್ತೇನೋ ಇಲ್ಲವೋ ಎಂದು ಮೂರು ವಾರ ಕಾದಿದ್ದರು. ಅದಕ್ಕಾಗಿಯೂ ಬೆಳಿಗ್ಗೆ ಒಂದು ಮಾತು ಸೇರಿಸುತ್ತಿದ್ದೆವು ಎಂದು ಮಣಿಕಟ್ಟು ಮುರಿದುಕೊಂಡಿದ್ದವಳು ನಗುತ್ತ ಹೇಳಿದಳು. ನಾನು ಗೋಡೆ ಕಡೆ ತಿರುಗಿ ಮಲಗಿದ ಆ ಬೆಳಗುಗಳಲ್ಲಿ ಅವರು ಮನಸ್ಸಿನಲ್ಲೇ ನನ್ನ ಹೆಸರನ್ನೂ ಹೇಳುತ್ತಿದ್ದರು.

ನಾನು ಅಲ್ಲೇ ನೆಲದ ಮೇಲೆ ಕೂತೆ.

ಉಪದೇಶಿ ಸುಧಾರಿಸಿಕೊಂಡು, ನಾಳೆಯಿಂದ ಆರರ ಗಂಟೆ ಬಿಟ್ಟು ಹನ್ನೊಂದಕ್ಕೆ ಬಾರಿಸೋಣ ಎಂದರು. ಹಿರಿಯಳು ತಲೆಯಾಡಿಸಿದಳು.

"ಆರನ್ನು ಯಾಕೆ ಬಿಡೋದು? ಎಚ್ಚರ ಇರೋರು ತಮ್ಮನ್ನ ತಾವು ನೋಡಿಕೊಳ್ತಾರೆ. ಮಲಗಿರೋರಿಗೆ ಯಾರಿದ್ದಾರೆ? ಎರಡು ವರ್ಷ ನಾವು ಅವಳ ನಿದ್ದೆ ಕಾದಿದ್ದೀವಿ. ಈಗ ಕಾವಲು ಬಿಟ್ಟು ಎದ್ದು ಬರೋದಾ?"

ಅವಳು ಇದನ್ನು ನನ್ನನ್ನು ಸಮಾಧಾನ ಮಾಡಲು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಬಾಣಂತಿಗೆ ಯಾವ ಹೊತ್ತಿಗೆ ಏನು ಕೊಡಬೇಕೆಂದು ಹೇಳುವ ದನಿಯಲ್ಲೇ ಹೇಳಿದಳು. ನಾನು ಓದಿದವನು, ಅದೊಂದು ಲೆಕ್ಕದ ತಪ್ಪು ಎಂದಷ್ಟೇ ಕಂಡಿದ್ದೆ. ಆ ಮೂರೂವರೆಯ ಹೊತ್ತಿನಲ್ಲಿ ದೂರದ ಒಂದು ಹಳ್ಳಿಯಲ್ಲಿ ಒಬ್ಬಳು ಮಲಗಿರುವುದನ್ನು, ಅವಳ ಸುತ್ತ ಇಪ್ಪತ್ತು ಮಂದಿ ಕೂತಿರುವುದನ್ನು ಆಗ ಮೊದಲ ಸಲ ಕಂಡೆ.

ಆದರೆ ಹನ್ನೊಂದೂ ಬೇಕಿತ್ತು. ಅವಳು ಕೇಳಿದ್ದು ಅದನ್ನೇ. ಅದಕ್ಕೆ ಅಣ್ಣನನ್ನು ನೋಡಬೇಕಿತ್ತು, ನಿಜವನ್ನು ಹೇಳಿಯೇ.

ಸಂಜೆ ಹೇಳಿದೆ. ಅಣ್ಣ ನಕ್ಕ, ಕೆಮ್ಮು ಬರುವವರೆಗೆ. "ಊರ ಮಕ್ಕಳಿಗೆಲ್ಲ ನೀನೇನ್ಡಾ ಪಾಠ ಹೇಳೋದು?" ಎಂದ. ಆಮೇಲೆ ನಗು ನಿಂತಿತು. ಆರು ತಪ್ಪೆಂದ ಮೇಲೆ ಅರ್ಧ ಗಂಟೆಯೂ ತಪ್ಪು. ನಾಳೆಯಿಂದ ಎಲ್ಲರೂ ಆರಕ್ಕೇ ಬಳ್ಳಿಯ ಕೆಳಗಿರಬೇಕು ಎಂದ. ನಾನು ಹೆದರಿದ್ದು ಇದಕ್ಕೇ. ವಾದಿಸಲು ನನಗೆ ಯಾವ ಮುಖವೂ ಉಳಿದಿರಲಿಲ್ಲ.

ಹಿರಿಯಳು ಅಂಗಳದಲ್ಲಿ ನಿಂತಿದ್ದಳು. ಕರೆಯದೆಯೇ ಮಾತು ಶುರು ಮಾಡಿದಳು. ಯಜಮಾನರು ಹೇಳುವುದು ನ್ಯಾಯ, ಅವರ ಹೊತ್ತನ್ನು ಕದಿಯಬಾರದು ಎಂದಳು. ಹನ್ನೊಂದರ ಗಂಜಿಗೆ ಬಿಡುವ ಅರ್ಧ ಗಂಟೆ ಯಾರದು ಎಂದು ಕೇಳಿದಳು. ನಿಮ್ಮದೇ ಎಂದ ಅಣ್ಣ. ಹಾಗಾದರೆ ಅದನ್ನು ನಿಮಗೆ ಕೊಟ್ಟೆವು ಎಂದಳು. ಬೆಳಿಗ್ಗೆ ಆರೂವರೆಗೆ ಬರುತ್ತೇವೆ, ಹನ್ನೊಂದಕ್ಕೆ ಕೂರದೆ ಕೆಲಸ ಮಾಡುತ್ತೇವೆ, ಗಂಜಿಯನ್ನು ಮನೆಯಲ್ಲೇ ಕುಡಿದು ಬರುತ್ತೇವೆ, ಸಂಜೆ ಮೊದಲಿನ ಹಾಗೆ ಬೆಳಕಿರುವಾಗ ಹೊರಡುತ್ತೇವೆ.

ಅಣ್ಣ ಬೆರಳಲ್ಲಿ ಎಣಿಸಿದ. ಅವನಿಗೇನೂ ನಷ್ಟವಿರಲಿಲ್ಲ. "ಮತ್ತೆ ಹನ್ನೊಂದಕ್ಕೆ ನಿಮ್ಮ ಪ್ರಾರ್ಥನೆ?"

"ಬಾಯಿ ಸುಮ್ಮನಿರುತ್ತೆ ಸಾಮಿ. ಕೈ ಸುಮ್ಮನಿರೋಲ್ಲ. ನಿಮಗೆ ಬೇಕಿರೋದು ಕೈ ತಾನೇ?"

ಅಣ್ಣ ಒಪ್ಪಿದ. ಕೈ ನಿಂತರೆ ಮಾತು ಮುರಿದಂತೆ ಎಂದು ಎಚ್ಚರಿಸಿಯೇ ಒಪ್ಪಿದ.

ಸೋಮವಾರ ನಾನು ಶಾಲೆಗೆ ರಜೆ ಹಾಕಿದೆ. ಹತ್ತೂಮುಕ್ಕಾಲಿಗೆ ಅಣ್ಣನೂ ನಾನೂ ತೋಟದ ಬದುವಿಗೆ ಬಂದೆವು. ಅವನು ಬಂದದ್ದು ತಪ್ಪು ಹಿಡಿಯಲು. ನಾನು ಯಾಕೆ ಬಂದೆನೆಂದು ಹೇಳಲಾರೆ. ದ್ರಾಕ್ಷಿಯ ಚಪ್ಪರ ಆಳೆತ್ತರದ್ದು, ಕಲ್ಲುಕಂಬಗಳ ಮೇಲೆ ಎಳೆದ ತಂತಿ. ಕವಲು ಕತ್ತರಿಸಿ ಹೊಸ ಚಿಗುರನ್ನು ತಂತಿಗೆ ಕಟ್ಟುವ ಕಾಲ; ಆ ವಾರ ಇಪ್ಪತ್ತು ಮಂದಿಯೂ ನಮ್ಮ ತೋಟದಲ್ಲೇ. ಹೆಂಗಸರು ಸಾಲುಗಳಲ್ಲಿ ಹರಡಿಕೊಂಡು ಮೇಲೆ ನೋಡುತ್ತ ಕೆಲಸ ಮಾಡುತ್ತಿದ್ದರು. ಯಾರೋ ಯಾರದೋ ಸೊಸೆಯನ್ನು ಆಡಿಕೊಳ್ಳುತ್ತಿದ್ದರು, ನಗು ಕೇಳುತ್ತಿತ್ತು.

ಕಾಲುವೆಯ ಆಚೆ ಕಂಬಿಗೆ ಮೂರು ಪೆಟ್ಟು ಬಿತ್ತು. ಮಾತು ನಿಂತಿತು.

ಕೈಗಳು ನಿಲ್ಲಲಿಲ್ಲ. ನಾನು ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಆ ಚಪ್ಪರದ ಕೆಳಗೆ ನಲವತ್ತು ಕೈಗಳು ತಲೆಯ ಮೇಲೆ ಎತ್ತಿದ್ದವು. ಎಲೆಗಳ ನಡುವಿನಿಂದ ಇಳಿದ ಬಿಸಿಲು ಮುಖಗಳ ಮೇಲೆ ತುಂಡುತುಂಡಾಗಿ ಬಿದ್ದಿತ್ತು. ಬೆರಳುಗಳು ಬಾಳೆನಾರನ್ನು ಸುತ್ತುತ್ತಿದ್ದವು, ಗಂಟು ಹಾಕುತ್ತಿದ್ದವು, ಮುಂದಿನ ಚಿಗುರಿಗೆ ಹೋಗುತ್ತಿದ್ದವು. ಪಕ್ಕದ ತೋಟದಲ್ಲಿ ನೀರೆಳೆಯುವ ಎತ್ತಿನ ಹಗ್ಗದ ಕಿರುಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಅದು ಕೆಲಸವೋ ಪ್ರಾರ್ಥನೆಯೋ ಹೇಳಲು ನನಗೆ ಯಾವ ಗುರುತೂ ಸಿಗಲಿಲ್ಲ. ಹೇಳಬೇಕಾದ ಅಗತ್ಯವೂ ಕಾಣಲಿಲ್ಲ. ಎರಡು ವರ್ಷ ಹಿಂದೆ ಆ ಚರ್ಚಿನ ಬಾಗಿಲಲ್ಲಿ ನನ್ನ ಬೆನ್ನಿಗೆ ಆದದ್ದು ಈಗ ಮೈಗೆಲ್ಲ ಆಯಿತು.

ಅಣ್ಣ ಬದುವಿನ ಮೇಲೆ ನಿಂತೇ ಇದ್ದ. ನಿಂತ ಕೈ ಒಂದಾದರೂ ಸಿಕ್ಕೀತೇ ಎಂದು ಸಾಲು ಸಾಲು ನೋಡಿದ. ಆಮೇಲೆ ನೋಡುವುದನ್ನು ಬಿಟ್ಟು ಸುಮ್ಮನೆ ನಿಂತ. ಎಷ್ಟೋ ಹೊತ್ತಾದ ಮೇಲೆ, ಅವರಿಗೆ ಕೇಳದಷ್ಟು ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದ.

"ತಮ್ಮಾ, ಈಗ ಅಲ್ಲಿ ಎಷ್ಟು ಗಂಟೆ?"

"ಎಂಟೂವರೆ ದಾಟಿದೆ," ಎಂದೆ. "ಬಾಗಿಲು ತೆಗೆದಿರುತ್ತಾಳೆ."

ಖಚಿತವಾ ಎಂದು ಅವನು ಕೇಳುತ್ತಾನೆಂದು ಕಾದೆ. ಕೇಳಲಿಲ್ಲ. ನಾನೇ ಇನ್ನೊಮ್ಮೆ ಬೆರಳು ಮಡಿಸಿ ಪೂರ್ವ, ಪಶ್ಚಿಮ ಎಂದು ಎಣಿಸಿ ನೋಡಿದೆ. ಸರಿಯಾಗಿತ್ತು.